ಮೊದಲು ಇಳಿತದ ಹೊತ್ತು ನೋಡಿ, ಆಮೇಲೆ ಪಬ್ಬು: ಥೇಮ್ಸ್ ದಡದ ಹಳೆಯ ನಾವಿಕರ ಕೇರಿಗೆ ಹೋಗುವವರಿಗೆ

ಊರಿನಿಂದ ಯಾರಾದರೂ ಲಂಡನ್ನಿಗೆ ಬಂದರೆ ಬಿಗ್ ಬೆನ್, ಟವರ್ ಬ್ರಿಜ್‌ಗಳನ್ನು ಅವರೇ ನೋಡಿಕೊಂಡು ಬರಲಿ ಎಂದು ಬಿಟ್ಟುಬಿಡುತ್ತೇನೆ. ನಾನು ಕರೆದೊಯ್ಯುವುದು ಟವರ್ ಬ್ರಿಜ್‌ನಿಂದ ಮೂಡಣಕ್ಕೆ, ಥೇಮ್ಸ್ ಸಮುದ್ರದ ಕಡೆ ಹೊರಳುವ ದಿಕ್ಕಿಗೆ. ವಾಪಿಂಗ್, ರಾದರ್‌ಹೈದ್, ಲೈಮ್‌ಹೌಸ್, ಗ್ರೀನ್‌ವಿಚ್. ಒಂದು ಕಾಲಕ್ಕೆ ಇದು ನಾವಿಕರು, ಹಡಗು ಕಟ್ಟುವವರು, ಹಗ್ಗ ಹೊಸೆಯುವವರು, ಮೂಟೆ ಹೊರುವವರ ಕೇರಿ. ವಾಪಿಂಗ್‌ನ ಲಂಡನ್ ಡಾಕ್ಸ್ ಶುರುವಾಗಿದ್ದು 1805ರಲ್ಲಿ, ಮುಚ್ಚಿದ್ದು 1969ರಲ್ಲಿ. ಗೋದಾಮುಗಳೆಲ್ಲ ಈಗ ದುಬಾರಿ ಫ್ಲ್ಯಾಟುಗಳು. ಆ ಕಾಲದ ಜನ ಬಂದು ಹೋಗುತ್ತಿದ್ದ ಜಾಗಗಳಲ್ಲಿ ಇವತ್ತೂ ಅದೇ ಕೆಲಸ ಮಾಡುತ್ತಿರುವುದು ಹೊಳೆಗೆ ಬೆನ್ನು ಹಾಕಿ ನಿಂತ ನಾಲ್ಕಾರು ಪಬ್‌ಗಳು ಮಾತ್ರ.

ಕುಡಿಯದವರೂ ಓದಿ. ನನ್ನ ಅಪ್ಪ ಹನಿ ಮುಟ್ಟುವವರಲ್ಲ. ಆದರೂ ಇಲ್ಲಿಗೆ ಬಂದಾಗ ಅವರಿಗೆ ಎಲ್ಲಕ್ಕಿಂತ ಹಿಡಿಸಿದ ದಿನ ಇದೇ.

ಮೊದಲು: ಉಬ್ಬರ ಇಳಿತದ ಪಟ್ಟಿ

ಎಲ್ಲರೂ ತಪ್ಪುವುದು ಇಲ್ಲೇ. ಪಬ್ ಎಷ್ಟಕ್ಕೆ ತೆರೆಯುತ್ತದೆ ಎಂದು ನೋಡುತ್ತಾರೆ, ನೀರು ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡುವುದಿಲ್ಲ. ಲಂಡನ್ ಸಮುದ್ರದಿಂದ ಬಹಳ ಒಳಗಿದ್ದರೂ ಥೇಮ್ಸ್ ಇಲ್ಲಿ ನಮ್ಮ ಅಘನಾಶಿನಿ, ಕಾಳಿ ನದಿಗಳ ಅಳಿವೆಯಂತೆಯೇ ಏರಿಳಿಯುತ್ತದೆ. ಏರಿಳಿತವಂತೂ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು. ದೊಡ್ಡ ಉಬ್ಬರದ ದಿನಗಳಲ್ಲಿ ಲಂಡನ್ ಬ್ರಿಜ್ ಹತ್ತಿರ ನೀರಿನ ಮಟ್ಟದಲ್ಲಿ ಸುಮಾರು 7 ಮೀಟರ್ ವ್ಯತ್ಯಾಸ. ಎರಡು ಮಹಡಿ ಮನೆಯಷ್ಟು ನೀರು ಆರು ತಾಸಿನಲ್ಲಿ ಬಂದು, ಇನ್ನಾರು ತಾಸಿನಲ್ಲಿ ಹೋಗುತ್ತದೆ.

ಪೋರ್ಟ್ ಆಫ್ ಲಂಡನ್ ಅಥಾರಿಟಿಯವರು ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಲಂಡನ್ ಬ್ರಿಜ್ ಸಾಲನ್ನು ನೋಡಿದರೆ ಸಾಕು. ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಜಾರುವುದರಿಂದ ಹೋದ ವಾರದ ಲೆಕ್ಕ ಈ ವಾರಕ್ಕೆ ಬರುವುದಿಲ್ಲ.

ನನ್ನ ಲೆಕ್ಕ ಹೀಗೆ: ನೀರು ಪೂರ್ತಿ ಇಳಿಯಲು ಒಂದು ತಾಸು ಇರುವಾಗ ವಾಪಿಂಗ್ ಮುಟ್ಟಬೇಕು. ಆಗ ಪಬ್‌ಗಳ ಪಕ್ಕದ ಸಂದಿಗಳಲ್ಲಿರುವ ಹಳೇ ಕಲ್ಲು ಮೆಟ್ಟಿಲು, ಕೆಳಗಿನ ಮರಳು, ಗೋಡೆಯ ಮೇಲಿನ ಹಸಿರು ಪಾಚಿಯ ಗೆರೆ ಎಲ್ಲವೂ ಕಾಣುತ್ತವೆ. ಏರಿದ ನೀರಿನ ಸೊಗಸು ಬೇಕಿದ್ದರೆ ಸಂಜೆ ಉಬ್ಬರವಿರುವ ದಿನ ನೋಡಿ ರಾದರ್‌ಹೈದ್ ಅಥವಾ ಲೈಮ್‌ಹೌಸ್‌ಗೆ ಹೋಗಿ. ಮೊದಲ ಸಲ ನಾನು ಇದ್ಯಾವುದನ್ನೂ ನೋಡದೆ ಹೋಗಿದ್ದೆ. ವಾಪಿಂಗ್ ಓಲ್ಡ್ ಸ್ಟೇರ್ಸ್‌ನಲ್ಲಿ ಕಂಡಿದ್ದು ಮೇಲಿನ ನಾಲ್ಕೈದು ಮೆಟ್ಟಿಲು, ಅದರಾಚೆ ಟೀ ಬಣ್ಣದ ನೀರು. ಐದು ನಿಮಿಷ ನಿಂತು ಬಂದೆ.

ಮೆಟ್ಟಿಲು ಇಳಿಯುವವರು ಎರಡು ವಿಷಯ ನೆನಪಿಡಿ. ಪಾಚಿ ಸಾಬೂನಿನಂತೆ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ಕೆಳಗೆ ಹಳೇ ಮೊಳೆ, ಮಣ್ಣಿನ ಚಿಲುಮೆಯ ಚೂರು ಬಿದ್ದಿರುತ್ತವೆ. ಅವುಗಳನ್ನು ಹುಡುಕಿ ಆರಿಸಲು ಪರವಾನಗಿ ಬೇಕು. ನೋಡಿ, ಎತ್ತಿಕೊಳ್ಳಬೇಡಿ. ನೀರು ತಿರುಗಿತೆಂದು ಗೊತ್ತಾದ ಕೂಡಲೇ ಮೇಲೆ ಹತ್ತಿಬಿಡಿ.

ಹೋಗುವ ದಾರಿ

ಓವರ್‌ಗ್ರೌಂಡ್ ರೈಲಿನ ವಿಂಡ್‌ರಶ್ ಲೈನ್ ಹಿಡಿದು ವಾಪಿಂಗ್‌ನಲ್ಲಿ ಇಳಿಯಿರಿ. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಸಾಕು, ಬೇರೆ ಟಿಕೆಟ್ ಬೇಡ. ಇಳಿದವರು ಕೂಡಲೇ ಮೇಲೆ ಓಡಬೇಡಿ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಸುರಂಗದ ಬಾಯಿ ನೋಡಿ. ಹರಿಯುವ, ಹಡಗು ಓಡಾಡುವ ನದಿಯ ಕೆಳಗೆ ಜಗತ್ತಿನಲ್ಲೇ ಮೊದಲು ಕೊರೆದ ಸುರಂಗ ಇದು. ಎಂಜಿನಿಯರ್ ಮಾರ್ಕ್ ಬ್ರುನೆಲ್ 1825ರಲ್ಲಿ ಕೈಹಾಕಿದ ಕೆಲಸ, ನೀರು ನುಗ್ಗಿ, ಜನ ಸತ್ತು, ದುಡ್ಡು ಮುಗಿದು, ಕೊನೆಗೆ ತೆರೆದದ್ದು 1843ರಲ್ಲಿ. ಮೊದಲು ಕಾಲ್ನಡಿಗೆಯವರಿಗೆ, 1869ರಿಂದ ರೈಲಿಗೆ. ನೀವು ಬಂದಿದ್ದೂ ಅದರೊಳಗಿನಿಂದಲೇ ಇರಬಹುದು.

ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಡಿಎಲ್‌ಆರ್ ರೈಲಿನಲ್ಲಿ ಲೈಮ್‌ಹೌಸ್‌ಗೆ ಬಂದು ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಡಿಎಲ್‌ಆರ್ ನಿಲ್ದಾಣಗಳಲ್ಲೆಲ್ಲ ಮೆಟ್ಟಿಲಿಲ್ಲದೆ ರೈಲು ಹತ್ತಬಹುದು. ವಾಪಿಂಗ್ ಹೈ ಸ್ಟ್ರೀಟ್‌ನಲ್ಲಂತೂ ಕಲ್ಲು ಹಾಸಿದ ರಸ್ತೆ, ಟ್ರಾಲಿ ಸೂಟ್‌ಕೇಸ್ ಎಳೆದುಕೊಂಡು ಬಂದರೆ ಊರಿಗೆಲ್ಲ ಕೇಳಿಸುತ್ತದೆ.

ವಾಪಿಂಗ್: ಮೂರು ಪಬ್, ಒಂದು ನೇಣುಗಂಬ

ನಿಲ್ದಾಣದಿಂದ ಪಡುವಣದ ಕಡೆ ನಡೆಯಿರಿ. ಮೊದಲು ಸಿಗುವುದು ಕ್ಯಾಪ್ಟನ್ ಕಿಡ್. ಇದು ಹಳೇ ಪಬ್ಬಲ್ಲ, ಹಳೇ ಗೋದಾಮಿನೊಳಗೆ ಕಳೆದ ಶತಮಾನದ ಕೊನೆಯಲ್ಲಿ ಮಾಡಿದ್ದು. ಆದರೂ ಕರಾವಳಿಯ ಕನ್ನಡಿಗರು ಇದರ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲಬೇಕು. ಏಕೆಂದರೆ ಈ ಮನುಷ್ಯ ನಮ್ಮ ಕಾರವಾರಕ್ಕೆ ಬಂದಿದ್ದ.

ವಿಲಿಯಂ ಕಿಡ್ ಹೊರಟಿದ್ದು ಕಡಲ್ಗಳ್ಳರನ್ನು ಹಿಡಿಯುತ್ತೇನೆ ಎಂದು, ಕೈಯಲ್ಲಿ ರಾಜನ ಪರವಾನಗಿ ಹಿಡಿದು. 1697ರಲ್ಲಿ ಕಾರವಾರಕ್ಕೆ ಬಂದು ಲಂಗರು ಹಾಕಿದ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಅವನ ಹಡಗಿನಿಂದ ಕೆಲವರು ತಪ್ಪಿಸಿಕೊಂಡು ಕೋಠಿಗೆ ಓಡಿಬಂದು, ಇವನ ಲಕ್ಷಣ ಸರಿಯಿಲ್ಲ, ಇವನೇ ಕಳ್ಳನಾಗುತ್ತಿದ್ದಾನೆ ಎಂದು ಹೇಳಿದರು. ಅದೇ ವರ್ಷ ತನ್ನದೇ ಹಡಗಿನ ತೋಪಿನವನನ್ನು ಬಕೆಟ್ಟಿನಿಂದ ತಲೆಗೆ ಹೊಡೆದು ಕೊಂದ. ಮರುವರ್ಷದ ಆರಂಭದಲ್ಲಿ ಮಲಬಾರ್ ಕರಾವಳಿಯಲ್ಲಿ ರೇಷ್ಮೆ, ಮಸ್ಲಿನ್ ತುಂಬಿದ ಒಂದು ದೊಡ್ಡ ಹಡಗನ್ನು ಹಿಡಿದ. ಮೊಘಲರ ಕೋಪ ಕಂಪನಿಯ ಮೇಲೆ ಬಿತ್ತು, ಕಂಪನಿಯ ಕೋಪ ಇವನ ಮೇಲೆ. 1701ರ ಮೇ 23ರಂದು ಇಲ್ಲೇ, ಈ ದಡದ ಎಕ್ಸಿಕ್ಯೂಷನ್ ಡಾಕ್‌ನಲ್ಲಿ ನೇಣಿಗೆ ಹಾಕಿದರು. ಮೊದಲ ಸಲ ಹಗ್ಗ ಹರಿಯಿತು. ಎತ್ತಿ ಮತ್ತೆ ಹಾಕಿದರು.

ಕಡಲ ಅಪರಾಧಕ್ಕೆ ಶಿಕ್ಷೆ ಕೊಡುವುದು ನೌಕಾ ನ್ಯಾಯಾಲಯದ ಅಧಿಕಾರ. ಅದಕ್ಕೇ ಗಲ್ಲು ಕಂಬವನ್ನು ಇಳಿತದ ಗೆರೆಯಲ್ಲಿ, ನೀರಿಗೆ ಸೇರಿದ ನೆಲದಲ್ಲಿ ನೆಡುತ್ತಿದ್ದರು. ಮೂರು ಉಬ್ಬರ ಹೆಣದ ಮೇಲೆ ಹಾದುಹೋಗುವ ತನಕ ಇಳಿಸುವಂತಿರಲಿಲ್ಲ. ಇಲ್ಲಿ ಕೊನೆಯ ನೇಣು ಬಿದ್ದದ್ದು 1830ರಲ್ಲಿ. ಕಂಬ ಸರಿಯಾಗಿ ಎಲ್ಲಿತ್ತು ಎಂಬುದಕ್ಕೆ ವಾಪಿಂಗ್‌ನ ಮೂರೂ ಪಬ್‌ಗಳು 'ನಮ್ಮ ಹಿತ್ತಲಲ್ಲೇ' ಎನ್ನುತ್ತವೆ. ಗಂಗಾವಳಿ ದಡದಲ್ಲಿ ಪ್ರತಿ ಊರೂ ಪಾಂಡವರು ನಮ್ಮಲ್ಲೇ ಉಂಡು ಹೋದರು ಎನ್ನುವ ಹಾಗೆ. ವಾದಕ್ಕೆ ಇಳಿಯದೆ ಮೂರನ್ನೂ ನೋಡಿ.

ಮುಂದೆ ನದಿ ಪೊಲೀಸರ ಠಾಣೆ ಸಿಗುತ್ತದೆ. 1798ರಲ್ಲಿ ಹಡಗಿನ ಸರಕು ಕದಿಯುವವರನ್ನು ಹಿಡಿಯಲು ಇಲ್ಲಿ ಹುಟ್ಟಿದ ಪಡೆ, ಲಂಡನ್ ನಗರಕ್ಕೆ ಮೆಟ್ರೊಪಾಲಿಟನ್ ಪೊಲೀಸರು ಬರುವುದಕ್ಕಿಂತ ಮೂರು ದಶಕ ಮೊದಲು. ಅದನ್ನು ದಾಟಿದರೆ ಟೌನ್ ಆಫ್ ರ‍್ಯಾಮ್ಸ್‌ಗೇಟ್.

ನನ್ನ ಮೆಚ್ಚಿನದು ಇದೇ. ರೈಲು ಡಬ್ಬಿಯಂತೆ ಉದ್ದಕ್ಕೆ, ಇಕ್ಕಟ್ಟಾಗಿದೆ. ಕಡುಬಣ್ಣದ ಮರದ ಹಲಗೆ, ತಗ್ಗು ಚಾವಣಿ, ಕೊನೆಯಲ್ಲಿ ಹೊಳೆಗೆ ತೆರೆಯುವ ಪುಟ್ಟ ಜಗಲಿ. ರ‍್ಯಾಮ್ಸ್‌ಗೇಟ್ ಊರಿನ ಮೀನುಗಾರರು ಪಕ್ಕದ ಮೆಟ್ಟಿಲಲ್ಲಿ ಮೀನು ಇಳಿಸುತ್ತಿದ್ದರಂತೆ, ಹೆಸರು ಅದರಿಂದ ಬಂದದ್ದು. 1688ರಲ್ಲಿ ರಾಜ ಎರಡನೇ ಜೇಮ್ಸ್ ಓಡಿಹೋದಾಗ, ಸಿಕ್ಕಸಿಕ್ಕವರಿಗೆ ನೇಣು ಬರೆಯುತ್ತಿದ್ದ ನ್ಯಾಯಾಧೀಶ ಜೆಫ್ರೀಸ್ ನಾವಿಕನ ವೇಷ ಹಾಕಿ ಪರಾರಿಯಾಗಲು ವಾಪಿಂಗ್‌ಗೆ ಬಂದು ಸಿಕ್ಕಿಬಿದ್ದ. ಸಿಕ್ಕಿದ್ದು ನಮ್ಮಲ್ಲೇ ಎಂದು ಈ ಪಬ್ ಹೇಳಿಕೊಳ್ಳುತ್ತದೆ. ಪಕ್ಕದ ಸಂದಿಯೇ ವಾಪಿಂಗ್ ಓಲ್ಡ್ ಸ್ಟೇರ್ಸ್. ಎರಡು ಸಾಲು ಮೆಟ್ಟಿಲು. ಹಳೆಯದರ ಕಲ್ಲು ನಡುವೆ ಸವೆದು ಬಾಣಲೆಯಂತೆ ಹೊಂಡ ಬಿದ್ದಿದೆ, ಅದರಲ್ಲಿ ಇಳಿತದ ಹೊತ್ತಿಗೆ ಒಂದೊಂದು ಬೊಗಸೆ ನೀರು ನಿಂತಿರುತ್ತದೆ. ಅಪ್ಪ ಅದರಲ್ಲಿ ಬೆರಳದ್ದಿ ಬಾಯಿಗಿಟ್ಟು, 'ಉಪ್ಪಿಲ್ಲ' ಎಂದರು. (ನೀವು ಹಾಗೆ ಮಾಡಬೇಡಿ, ನೀರು ಶುದ್ಧವಲ್ಲ.)

ಬಂದ ದಾರಿಯಲ್ಲೇ ಹಿಂದಿರುಗಿ, ನಿಲ್ದಾಣ ದಾಟಿ ಮೂಡಣಕ್ಕೆ ಹತ್ತು ನಿಮಿಷ ನಡೆದರೆ ಪ್ರಾಸ್ಪೆಕ್ಟ್ ಆಫ್ ವಿಟ್ಬಿ. ಬೋರ್ಡಿನ ಮೇಲೆ 1520 ಎಂದಿದೆ. ಅದು ಜಾಗದ ವಯಸ್ಸು, ಗೋಡೆಯದಲ್ಲ. ಬೆಂಕಿ ಬಿದ್ದು ಮತ್ತೆ ಕಟ್ಟಿದ ಕಟ್ಟಡ ಇದು. ಈ ಕೇರಿಯ ಎಲ್ಲ ಪಬ್‌ಗಳ ಇಸವಿಯನ್ನೂ ಹೀಗೇ ಓದಿ. ಆದರೆ ಕಾಲಡಿಯ ಕಲ್ಲು ಚಪ್ಪಡಿ, ಪೀಪಾಯಿಗಳ ಮೇಲೆ ನಿಂತ, ಪ್ಯೂಟರ್ ಲೋಹದ ಹೊದಿಕೆಯ ಉದ್ದನೆಯ ಕೌಂಟರ್ ನೋಡಲೇಬೇಕಾದವು. ಕೈಯಿಟ್ಟರೆ ತಣ್ಣಗೆ, ಸಣ್ಣ ಸಣ್ಣ ತಗ್ಗುಗಳು ಬೆರಳಿಗೆ ಸಿಗುತ್ತವೆ. ಹೆಸರು ಬಂದದ್ದು ಇಲ್ಲಿ ಕಟ್ಟಿರುತ್ತಿದ್ದ, ವಿಟ್ಬಿ ಊರಿನ ಹಡಗೊಂದರಿಂದ. ಅದಕ್ಕೂ ಮೊದಲು ಜನ ಇದನ್ನು ಸೈತಾನನ ಪಬ್ ಎನ್ನುತ್ತಿದ್ದರು. ಹಿಂದಿನ ಮರಳಿನಲ್ಲಿ ನೇಣಿನ ಕುಣಿಕೆಯೊಂದು ತೂಗುತ್ತಿದೆ; ಅದು ಪ್ರವಾಸಿಗರಿಗಾಗಿ ಕಟ್ಟಿದ್ದು, ಫೋಟೊ ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಒಳಗೆ ಹೋದ ಮೇಲೆ

ಬಾಗಿಲಲ್ಲಿ ನಿಂತು ಯಾರಾದರೂ ಕೂರಿಸುತ್ತಾರೆ ಎಂದು ಕಾಯಬೇಡಿ. ಖಾಲಿ ಮೇಜು ಹಿಡಿಯಿರಿ, ಒಬ್ಬರು ಕೌಂಟರಿಗೆ ಹೋಗಿ. ಹೇಳುವುದೂ ಅಲ್ಲೇ, ದುಡ್ಡು ಕೊಡುವುದೂ ಅಲ್ಲೇ, ಲೋಟ ಹೊತ್ತು ತರುವುದೂ ನೀವೇ. ನಮ್ಮ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡ ಹಾಗೆ, ಟೋಕನ್ ಮಾತ್ರ ಇಲ್ಲ. ಊಟ ಹೇಳಿದರೆ ಮೇಜಿನ ನಂಬರ್ ಕೇಳುತ್ತಾರೆ, ಎದ್ದು ಬರುವ ಮೊದಲು ನೋಡಿಕೊಳ್ಳಿ.

ಕೌಂಟರಿನ ಮುಂದೆ ಸಾಲು ಕಾಣುವುದಿಲ್ಲ, ಆದರೆ ಇದೆ. ಅಡ್ಡಡ್ಡ ನಿಂತವರೆಲ್ಲರಿಗೂ ತಮಗಿಂತ ಮೊದಲು ಬಂದವರು ಯಾರೆಂದು ಗೊತ್ತು. ಕೈ ಬೀಸುವುದು, ಕಾರ್ಡಿನಿಂದ ಮೇಜು ಕುಟ್ಟುವುದು, 'ಹಲೋ ಬಾಸ್' ಎನ್ನುವುದು ಬೇಡ. ಕಣ್ಣಿಗೆ ಕಣ್ಣು ಸಿಕ್ಕಾಗ ತಲೆಯಾಡಿಸಿದರೆ ಸಾಕು. ನಿಮ್ಮನ್ನು ಮೊದಲು ಕೇಳಿದರೂ ಪಕ್ಕದವರು ಮುಂಚೆ ಬಂದಿದ್ದರೆ ಅವರ ಕಡೆ ಕೈ ತೋರಿಸಿ. ಆ ಪಬ್‌ನಲ್ಲಿ ಅವತ್ತಿನ ಮಟ್ಟಿಗೆ ನೀವು ಮರ್ಯಾದಸ್ಥರು.

ಗುಂಪಿನಲ್ಲಿ ಹೋದರೆ ರೌಂಡ್ ಪದ್ಧತಿ: ಒಂದು ಸಲ ಒಬ್ಬರು ಎಲ್ಲರಿಗೂ ತರುವುದು, ಮುಂದಿನ ಸಲ ಇನ್ನೊಬ್ಬರು. ಕೊನೆಯಲ್ಲಿ 'ನಾನು ಕೊಡ್ತೀನಿ, ಇಲ್ಲ ನಾನು' ಎಂಬ ನಮ್ಮ ಜಗಳಕ್ಕೆ ಇಲ್ಲಿ ಜಾಗವಿಲ್ಲ. ನೀವು ಬರೀ ಸೋಡಾ ಕುಡಿಯುವವರಾದರೂ ನಿಮ್ಮ ಸರದಿ ತಪ್ಪಿಸಬೇಡಿ. ಟಿಪ್ಸ್ ಕೊಡಬೇಕೆಂದಿಲ್ಲ. ಹೆಚ್ಚಿನ ಕಡೆ ಕಾರ್ಡೇ ನಡೆಯುತ್ತದೆ. 18 ತುಂಬಿರಬೇಕು, 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ. ಮಕ್ಕಳಿದ್ದರೆ ಮಧ್ಯಾಹ್ನವೇ ಹೋಗಿ, ಸಂಜೆ ಮೇಲೆ ಕೆಲವು ಕಡೆ ಬಿಡುವುದಿಲ್ಲ.

ಏನು ಕುಡಿಯುವುದು

ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಎಂಬ ನಮ್ಮ ಅಭ್ಯಾಸಕ್ಕೆ ಇಲ್ಲಿನ ಕ್ಯಾಸ್ಕ್ ಏಲ್ ಮೊದಲ ಗುಟುಕಿನಲ್ಲೇ ಪೆಟ್ಟು ಕೊಡುತ್ತದೆ. ಕೆಟ್ಟಿದೆ ಎಂದು ವಾಪಸ್ ಕೊಡಲು ಹೋಗಬೇಡಿ. ಪೀಪಾಯಿಯಲ್ಲೇ ಹುದುಗುತ್ತಿರುವ ಇದನ್ನು ನೆಲಮಾಳಿಗೆಯ ತಂಪಿನಲ್ಲಿ, 11ರಿಂದ 13 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಕೌಂಟರಿನ ಮೇಲಿನ ಉದ್ದ ಹಿಡಿಯ ಕೈಪಂಪಿನಿಂದ ಎಳೆದು ಕೊಡುವುದು ಅದು. ಮೊದಲ ಸಲವಾದರೆ ಒಂದು ಗುಟುಕು ರುಚಿ ನೋಡಲು ಕೇಳಿ, ಕೊಡುತ್ತಾರೆ. ಆಮೇಲೂ ಅರ್ಧ ಪೈಂಟ್ ಮಾತ್ರ ಹೇಳಿ. ಪೂರ್ತಿ ಪೈಂಟ್ ಎಂದರೆ 568 ಮಿ.ಲೀ., ನಮ್ಮ ದೊಡ್ಡ ಬಾಟಲಿಗಿಂತ ಸ್ವಲ್ಪವೇ ಕಡಿಮೆ. ಬೆಲೆ ಲಂಡನ್ನಿನಲ್ಲಿ ಆರೇಳು ಪೌಂಡ್. ವಿಸ್ಕಿ, ರಮ್ ಅಳತೆ ಮಾತ್ರ ನಮ್ಮ ಲಾರ್ಜ್ ಪೆಗ್‌ಗಿಂತ ಚಿಕ್ಕದು: ಒಂದು ಸಿಂಗಲ್ 25 ಅಥವಾ 35 ಮಿ.ಲೀ.

ಐಪಿಎ (ಇಂಡಿಯಾ ಪೇಲ್ ಏಲ್) ಎಂದು ಬರೆದ ಪಂಪ್ ಕಂಡರೆ ಅದರಲ್ಲಿನ 'ಐ' ನಮ್ಮ ದೇಶದ್ದು. ಇಲ್ಲಿಂದ ಸ್ವಲ್ಪ ಮೂಡಣಕ್ಕೆ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬವನ ಬಿಯರ್ ಕಾರ್ಖಾನೆ ಇತ್ತು. ಭಾರತಕ್ಕೆ ಹೊರಡುವ ಕಂಪನಿ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅದಕ್ಕೆ ಹತ್ತಿರ. ಕ್ಯಾಪ್ಟನ್‌ಗಳು ಸಾಲದ ಮೇಲೆ ಪೀಪಾಯಿ ಹೊತ್ತೊಯ್ದು ಬಾಂಬೆ, ಮದ್ರಾಸ್, ಕಲ್ಕತ್ತಾದ ಗೋರಾಗಳಿಗೆ ಮಾರುತ್ತಿದ್ದರು. 1820ರ ದಶಕದಲ್ಲಿ ಬರ್ಟನ್ ಊರಿನವರು ಆ ವ್ಯಾಪಾರ ಕಿತ್ತುಕೊಂಡರು.

ಕುಡಿಯದವರಿಗೆ ಲೈಮ್ ಅಂಡ್ ಸೋಡಾ. ಬೆಲೆಯೂ ಕಡಿಮೆ, ಯಾರೂ ತಿರುಗಿ ನೋಡುವುದಿಲ್ಲ. ಅಪ್ಪ ಒಂದು ಗ್ಲಾಸ್ ಹಿಡಿದು ಎರಡು ತಾಸು ಕೂತರು. 'ಇದು ಗಡಂಗೇ ಅಲ್ದೇನೋ, ಕುರ್ಚಿಗೆ ಮೆತ್ತೆ ಹಾಕಿದ್ದಾರೆ ಅಷ್ಟೇ' ಎಂದು ಒಂದು ಸಲ ಹೇಳಿದ್ದು ಬಿಟ್ಟರೆ ಅವರ ಕಣ್ಣು ಹೊಳೆ ಮೇಲೇ. 'ನೋಡು ನೋಡು' ಎಂದು ತೋಳು ಹಿಡಿದು ಎಳೆದರು. ನೋಡಿದರೆ ನೀರಿನಲ್ಲೊಂದು ಹಲಗೆ. ಅರ್ಧ ತಾಸಿನ ಹಿಂದೆ ಸಮುದ್ರದ ಕಡೆ ತೇಲಿ ಹೋಗಿದ್ದು ಅದೇ ಅಂತೆ, ಈಗ ಟವರ್ ಬ್ರಿಜ್ ಕಡೆ ವಾಪಸ್ ಬರುತ್ತಿತ್ತು. 'ಭರತಿ ಶುರುವಾಯ್ತು' ಎಂದರು. ಫೋನ್ ತೆಗೆದು ಪಟ್ಟಿ ನೋಡಿದೆ. ಸರಿಯಾಗಿಯೇ ಇತ್ತು.

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ತರಕಾರಿ ಪೈ ಎಂದು ಬರೆದಿದ್ದರೂ ಸುತ್ತಲಿನ ಹಿಟ್ಟಿನಲ್ಲಿ ದನದ ಕೊಬ್ಬು ಇರಬಹುದು, ಸೂಯೆಟ್ (suet) ಎಂಬ ಪದ ಕಂಡರೆ ಕೇಳಿ. ಆಲೂ ಜೊತೆಗೆ ಸುರಿಯುವ ಕಂದು ಗ್ರೇವಿ ಸಾಮಾನ್ಯವಾಗಿ ಮಾಂಸದ ರಸ. ಚಿಪ್ಸ್ ಆಲೂದೇ, ಆದರೆ ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಪ್ಯಾಕೆಟ್ಟಿನಲ್ಲಿ ಸಿಗುವ ಪೋರ್ಕ್ ಸ್ಕ್ರ್ಯಾಚಿಂಗ್ಸ್ ನೋಡಲು ನಮ್ಮ ಸಂಡಿಗೆಯಂತಿದ್ದರೂ ಅದು ಹಂದಿಯ ಚರ್ಮ. ನನ್ನ ಗೆಳೆಯನೊಬ್ಬ ಅರ್ಧ ಪ್ಯಾಕೆಟ್ ಮುಗಿಸಿ ಆಮೇಲೆ ಹೆಸರು ಓದಿದ. ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಕ್ಯಾಸ್ಕ್ ಏಲನ್ನು ತಿಳಿಯಾಗಿಸಲು ಅನೇಕ ಕಡೆ ಮೀನಿನ ಗಾಳಿಚೀಲದಿಂದ ಮಾಡಿದ ಪುಡಿ ಬಳಸುತ್ತಾರೆ. ವೀಗನ್ ಬಿಯರ್ ಯಾವುದಿದೆ ಎಂದು ಕೇಳಿದರೆ ಕೌಂಟರಿನವರು ಹೇಳುತ್ತಾರೆ, ಈ ಪ್ರಶ್ನೆ ಅವರಿಗೆ ಹೊಸದಲ್ಲ.

ಮಾಂಸ ತಿನ್ನುವವರಿಗೆ ಭಾನುವಾರದ ರೋಸ್ಟ್ ಇದೆ. ಮೊದಲೇ ಮೇಜು ಕಾದಿರಿಸಿ, ಎರಡು ಗಂಟೆ ಮೇಲೆ ಹೋದರೆ ಒಳ್ಳೆಯ ತುಂಡು ಮುಗಿದಿರುತ್ತದೆ. ಅಡುಗೆಮನೆ ಪಬ್‌ಗಿಂತ ಬಹಳ ಮೊದಲೇ ಮುಚ್ಚುತ್ತದೆ.

ಇನ್ನೂ ಕಾಲಲ್ಲಿ ಶಕ್ತಿಯಿದ್ದರೆ

ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಪಬ್ ಇಟ್ಟುಕೊಳ್ಳಬೇಡಿ. ವಾಪಿಂಗ್‌ನ ಮೂರರಲ್ಲೂ ಕೂತಿಲ್ಲದಿದ್ದರೆ ಈ ಕೆಳಗಿನವುಗಳಲ್ಲಿ ಒಂದನ್ನು ಆರಿಸಿ.

ಪ್ರಾಸ್ಪೆಕ್ಟ್‌ನಿಂದ ಹೊಳೆ ಪಕ್ಕದ ದಾರಿ ಹಿಡಿದು ಅರ್ಧ ತಾಸು ನಡೆದರೆ ಲೈಮ್‌ಹೌಸ್‌ನ ನ್ಯಾರೋ ಸ್ಟ್ರೀಟ್, ಅಲ್ಲಿ ದಿ ಗ್ರೇಪ್ಸ್. 1583ರಿಂದ ಪಬ್ ಇದ್ದ ಜಾಗ, ಈಗಿನ ಕಟ್ಟಡ 1720ರದ್ದು. ನಟ ಇಯಾನ್ ಮೆಕೆಲನ್ ಇದರ ಮಾಲೀಕರಲ್ಲೊಬ್ಬರು. ಹಿಂದಿನ ಪುಟ್ಟ ಜಗಲಿಗೆ ಹೋದರೆ ನೀರಿನ ನಡುವೆ ಕಂಬದ ಮೇಲೆ ಒಬ್ಬ ಮನುಷ್ಯ ನಿಂತಿರುವುದು ಕಂಡು ಬೆಚ್ಚುತ್ತೀರಿ. ಆಂಟನಿ ಗಾರ್ಮ್ಲಿಯ ಶಿಲ್ಪ ಅದು. ಈ ಲೈಮ್‌ಹೌಸ್, ಶ್ಯಾಡ್‌ವೆಲ್ ಕೇರಿಗಳಲ್ಲೇ ನಮ್ಮ ದೇಶದ ಹಡಗು ಕೂಲಿಗಳು, ಲಸ್ಕರರು, ಮರುಪ್ರಯಾಣದ ಹಡಗು ಸಿಗದೆ ಚಳಿಯಲ್ಲಿ ಬೀದಿಪಾಲಾಗುತ್ತಿದ್ದರು. ಅಂಥವರಿಗಾಗಿ 1857ರಲ್ಲಿ ವೆಸ್ಟ್ ಇಂಡಿಯಾ ಡಾಕ್ ರೋಡಿನಲ್ಲಿ ಒಂದು ವಸತಿಗೃಹ ತೆರೆಯಬೇಕಾಯಿತು.

ನಡೆಯಲು ಆಗದವರು ವಾಪಿಂಗ್‌ನಿಂದ ಒಂದೇ ಸ್ಟಾಪ್, ಬ್ರುನೆಲ್ ಸುರಂಗದೊಳಗಿಂದ ರಾದರ್‌ಹೈದ್‌ಗೆ ಹೋಗಿ. ದಿ ಮೇಫ್ಲವರ್ ಅಲ್ಲಿದೆ. 1620ರಲ್ಲಿ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಹಡಗು ಈ ದಡದ್ದು, ಅದರ ಕ್ಯಾಪ್ಟನ್ ಕ್ರಿಸ್ಟೊಫರ್ ಜೋನ್ಸ್‌ನನ್ನು ಎದುರಿನ ಸೇಂಟ್ ಮೇರಿ ಚರ್ಚಿನಲ್ಲಿ ಮಣ್ಣು ಮಾಡಿದ್ದಾರೆ. ಪಬ್‌ಗೆ ಈ ಹೆಸರಿಟ್ಟದ್ದು ಮಾತ್ರ 1957ರಲ್ಲಿ. ಇಲ್ಲಿಗೆ ಉಬ್ಬರದ ಹೊತ್ತಿಗೇ ಹೋಗಬೇಕು. ಹಿಂದಿನ ಮರದ ಅಟ್ಟದ ಕೆಳಗೆ ಅಲೆ ಬಡಿಯುತ್ತದೆ, ದೊಡ್ಡ ದೋಣಿ ಹಾದುಹೋದರೆ ಹಲಗೆ ಸಂದಿಯಿಂದ ನೀರು ಚಿಮ್ಮಿ ಪಾದ ತೋಯಿಸುತ್ತದೆ.

ಗ್ರೀನ್‌ವಿಚ್‌ಗೆ ಬೇರೆಯೇ ದಿನ ಇಡಿ. (ಪಠ್ಯಪುಸ್ತಕದಲ್ಲಿ ಗ್ರೀನ್‌ವಿಚ್, ಇಲ್ಲಿನವರ ಬಾಯಲ್ಲಿ ಗ್ರೆನಿಚ್.) 1837ರ ಟ್ರಫಾಲ್ಗರ್ ಟ್ಯಾವರ್ನ್ ದೊಡ್ಡದು, ವಾರಾಂತ್ಯದಲ್ಲಿ ಜಾತ್ರೆ. ಹಿಂದೆ ಮಂತ್ರಿಗಳು ದೋಣಿಯಲ್ಲಿ ಬಂದು ವೈಟ್‌ಬೇಟ್ ತಿನ್ನುತ್ತಿದ್ದ ಜಾಗ: ಬೆರಳುದ್ದದ ಮರಿಮೀನು, ತಲೆ ಬಾಲ ಸಮೇತ ಗರಿಗರಿ, ನಮ್ಮ ನೆತ್ತಲಿ ಹುರಿದಂತೆ, ಖಾರ ಮಾತ್ರ ನಾಸ್ತಿ. ಗದ್ದಲ ಬೇಡವೆಂದರೆ ಹೊಳೆ ಗುಂಟ ಇನ್ನೂ ಐದಾರು ನಿಮಿಷ ಮುಂದೆ, ಬ್ಯಾಲಸ್ಟ್ ಕೀ ಎಂಬ ಬೀದಿಯಲ್ಲಿರುವ ಕಟಿ ಸಾರ್ಕ್ ಪಬ್‌ಗೆ ಹೋಗಿ.

ಗಂಟೆ ಬಾರಿಸಿದಾಗ

ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಆಸುಪಾಸು, ಭಾನುವಾರ ಇನ್ನೂ ಬೇಗ, ಕೌಂಟರಿನ ಹಿಂದೆ ಹಿತ್ತಾಳೆ ಗಂಟೆ ಬಾರಿಸುತ್ತಾರೆ. ಮೊದಲ ಗಂಟೆ ಎಂದರೆ ಇನ್ನೊಂದು ಬೇಕಿದ್ದರೆ ಈಗಲೇ ಹೇಳಿ ಎಂದು. ಎರಡನೆಯದಕ್ಕೆ ಮಾರಾಟ ಬಂದ್. ಕೈಯಲ್ಲಿರುವುದನ್ನು ಮುಗಿಸಲು ಸಾಮಾನ್ಯವಾಗಿ ಇಪ್ಪತ್ತು ನಿಮಿಷದಷ್ಟು ಸಿಗುತ್ತದೆ. ವಾಪಿಂಗ್‌ನಲ್ಲಿ ಆ ಹೊತ್ತಿಗೆ ರಸ್ತೆ ನಿರ್ಜನ, ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ.

ಖಾಲಿ ಗ್ಲಾಸನ್ನು ಕೌಂಟರಿಗೆ ತಂದಿಟ್ಟು ಹೋಗುವುದು ಇಲ್ಲಿ ಒಳ್ಳೆಯ ಗಿರಾಕಿಯ ಲಕ್ಷಣ. ಅಪ್ಪನಿಗೆ ಅಷ್ಟು ಹೇಳಿದ್ದೇ ತಡ, ನನ್ನದನ್ನೂ ಸೇರಿಸಿ ತೆಗೆದುಕೊಂಡು ಹೋಗಿ, ಕರವಸ್ತ್ರದಿಂದ ತಳ ಒರೆಸಿ ಇಟ್ಟರು. ಕೌಂಟರಿನಾಕೆ ನಕ್ಕು, 'ಚಿಯರ್ಸ್, ಲವ್' ಎಂದು ಇಲ್ಲಿನವರ ಧಾಟಿಯಲ್ಲಿ ಥ್ಯಾಂಕ್ಸ್ ಹೇಳಿದಳು. ಹೊರಗೆ ಬಂದು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಅಪ್ಪ ಕೇಳಿದರು: 'ಅಲ್ವೋ, ಚಿಯರ್ಸ್ ಅಂತ ಕುಡಿಯೋಕೆ ಮೊದಲು ಹೇಳ್ತಾರೆ ಅಲ್ದಾ? ಇವಳು ಖಾಲಿಯಾದ ಮೇಲೆ ಹೇಳ್ತಾಳಲ್ಲ!'